ಕಾಲು ಇಂಚು ಕಾಗದ

ಹುಬ್ಬಳ್ಳಿಯ ಗಿರಿಯಪ್ಪನನ್ನು ಕೆಡಿಸಿದ್ದು ಒಂದೇ ಶಬ್ದ. ಅದು ಅವನ ನೇಮಕದ ಆದೇಶದಲ್ಲಿಯೇ ಇತ್ತು, ಸಹಿ ಸಿಕ್ಕೆಗಳೊಡನೆ. ಹನ್ನೊಂದು ವರ್ಷ ಅದರಿಂದ ಯಾರಿಗೂ ಕೇಡಾಗಿರಲಿಲ್ಲ. ಅವನು ಒಂದು ಸರಕಾರಿ ಕಚೇರಿಯಲ್ಲಿ ರಿಕಾರ್ಡ್ ಕೀಪರನಾಗಿದ್ದ. ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ಕಾಗದಪತ್ರಗಳ ಕಟ್ಟುಗಳಿಗೆ ಕೆಂಪು ಲಾಡಿ ಬಿಗಿದು, ನಂಬರು ಹಾಕಿ, ಕಪಾಟಿಗೆ ಏರಿಸಿ, ಯಾರಾದರೂ ಬಂದು ಕೇಳಿದರೆ ಆದಷ್ಟು ಮಟ್ಟಿಗೆ ಕೊಡದೆ ಇರುವುದು ಆ ಹುದ್ದೆಯ ಸ್ವರೂಪ.

ಗಿರಿಯಪ್ಪ ಕೆಟ್ಟವನಲ್ಲ. ಅವನಿಗೆ ಎರಡು ನಿಯಮಗಳಿದ್ದವು, ಅಷ್ಟೆ. ರಿಜಿಸ್ಟರಿನಲ್ಲಿ ಯಾವ ಖಾನೆಯನ್ನೂ ಖಾಲಿ ಬಿಡಬಾರದು ಎಂಬುದು ಮೊದಲನೆಯದು. ಬರೆದದ್ದರ ಮೇಲೆ ಮಾತು ಬೆಳೆಸಬಾರದು ಎಂಬುದು ಎರಡನೆಯದು. ಅಜ್ಜನ ಹೆಸರು ತಪ್ಪಾಗಿದೆಯೆಂದೋ, ಹೊಲ ಇನ್ನೊಬ್ಬರ ಹೆಸರಿನಲ್ಲಿ ಕೂತಿದೆಯೆಂದೋ ಅಳುಕುತ್ತ ಬಂದವರಿಗೆ ಅವನು ಪುಟ ತೆರೆದು, ಸಾಲಿನ ಮೇಲೆ ಬೆರಳಿಟ್ಟು, "ರಿಕಾರ್ಡಿನ್ಯಾಗ ಹಂಗ ಇಲ್ಲರಿ" ಎನ್ನುತ್ತಿದ್ದ. ಬಂದವರು ಬೆರಳನ್ನು ನೋಡಿ, ನಮಸ್ಕಾರ ಮಾಡಿ, ಹೊರಟುಹೋಗುತ್ತಿದ್ದರು.

ಸಾವಿರದ ಒಂಬೈನೂರಾ ಅರವತ್ತೊಂದರ ಚಳಿಗಾಲದಲ್ಲಿ ಕಚೇರಿಯ ಸಾಹೇಬರಿಗೆ ಹೊಟ್ಟೆ ಕೆಟ್ಟಿತು. ಅವರಿಗೆ ಬಂದಿದ್ದ ನಾದಸೇವಾ ಮಂಡಳದ ಕಚೇರಿಯ ಪಾಸು, ಅಂದರೆ ಹಾಡಿನ ಕಚೇರಿಯ ಪಾಸು, ಗಿರಿಯಪ್ಪನ ಪಾಲಿಗೆ ಬಂತು. ಕಚೇರಿ ಎಂಬ ಹೆಸರಿದೆ, ಸಾಹೇಬರು ಕೊಟ್ಟಿದ್ದಾರೆ, ಹೋಗದಿದ್ದರೆ ಗೈರುಹಾಜರಿ ಆದೀತೆಂದು ಅವನು ಹೋದ. ಹಿಂದೆ, ಚಪ್ಪಲಿಗಳ ಹತ್ತಿರ ಕುಳಿತ. ಅವನಿಗೆ ಸಂಗೀತದ ಗಂಧವಿರಲಿಲ್ಲ. ಆದರೆ ಮಂಡಳದ ಅಧ್ಯಕ್ಷ ಗುರುಶಿದ್ದಪ್ಪನಿಗೆ ಹೊಸಬರನ್ನು ಮಾತಾಡಿಸುವ ಚಟವಿತ್ತು. ಅವನು ಅರಿವೆಯ ಸಗಟು ವ್ಯಾಪಾರಿ. ಮನುಷ್ಯನನ್ನೂ ಅಂಚು ಹಿಡಿದೇ ನೋಡುತ್ತಿದ್ದ.

"ತಾವು ಏನ್ ಮಾಡ್ಕೊಂಡದೀರಿ?" ಎಂದು ಕೇಳಿದ.

"ರಿಕಾರ್ಡ್ ಕೀಪರ್ ಅದೇನ್ರಿ."

ಗುರುಶಿದ್ದಪ್ಪ ನಿಂತುಬಿಟ್ಟ. "ಎಷ್ಟ ಅದಾವ?"

"ಹದಿನಾರು ಸಾವಿರದ ನಾಕನೂರಾ ಹನ್ನೆರಡು."

"ಭಾಳ ಹಳೇದು ಯಾವ ಇಸವೀದು?"

"ಹದಿನೆಂಟನೂರಾ ಎಂಬತ್ತೆರಡರದೈತ್ರಿ. ಆದ್ರ ಗೆದ್ದಲ ಹಿಡದೈತಿ."

ಆ ಇಸವಿಯಲ್ಲಿ ಹಾಡಿನ ರಿಕಾರ್ಡು, ಅಂದರೆ ಗ್ರಾಮೋಫೋನಿನ ತಾಟು ಎಂಬುದನ್ನು ಕಂಡುಹಿಡಿಯಬೇಕಾದವರೇ ಇನ್ನೂ ಕಂಡುಹಿಡಿದಿರಲಿಲ್ಲ. ಗುರುಶಿದ್ದಪ್ಪನ ವ್ಯಾಪಾರ ಗಜದ ಲೆಕ್ಕದ್ದು, ಇಸವಿಯ ಲೆಕ್ಕದ್ದಲ್ಲ. ಎಲ್ಲ ಕನ್ನಡವೇ ಏನು ಎಂದು ಅವನು ಮತ್ತೆ ಕೇಳಿದ. ಕನ್ನಡ ಕಡಿಮೆ, ಹಳೆಯವೆಲ್ಲ ಮೋಡಿ ಎಂದು ಗಿರಿಯಪ್ಪ ಹೇಳಿದ. ಮೋಡಿ ಎಂಬುದು ಹಿಂದಿನ ಕಾಲದ ದಫ್ತರದ ಲಿಪಿ, ಮರಾಠಿ ಕಾಗದಗಳನ್ನು ಬರೆಯುತ್ತಿದ್ದ ಸುತ್ತಿದ ಅಕ್ಷರ. ಗುರುಶಿದ್ದಪ್ಪ ಪಕ್ಕದಲ್ಲಿದ್ದ ಏಕನಾಥ ಮಾಸ್ತರರ ಕಡೆಗೆ ತಿರುಗಿ, ತಾವು ಎಂದಾದರೂ ಮೋಡಿ ಕೇಳಿದ್ದೀರೇನು ಎಂದು ವಿಚಾರಿಸಿದ. ಮಾಸ್ತರರು ಮೂವತ್ತು ವರ್ಷ ಹಾರ್ಮೋನಿಯಂ ಪೇಟಿ ಕಲಿಸಿದವರು. ಯಾವುದನ್ನೇ ಆಗಲಿ, ಕೇಳಿಲ್ಲವೆಂದು ಹೇಳಿದ ದಾಖಲೆ ಇರಲಿಲ್ಲ.

"ಸಣ್ಣವನಿದ್ದಾಗ ಒಮ್ಮೆ ಕೇಳಿದ್ದೆ," ಎಂದರು ಮಾಸ್ತರರು. "ಈಗ ಅದನ್ನ ಹಾಡವ್ರು ಎಲ್ಲಿ ಉಳದಾರ?"

ಗಿರಿಯಪ್ಪನನ್ನು ಎಬ್ಬಿಸಿ ಮುಂದಿನ ಗಾದಿಯ ಮೇಲೆ ಕೂರಿಸಿದರು. ಬೆನ್ನಿಗೆ ಲೋಡು ಕೊಟ್ಟರು. ತಪ್ಪು ಎಲ್ಲಿ ಆಗಿದೆಯೆಂದು ಅವನಿಗೆ ತಿಳಿದದ್ದು ಅಲ್ಲಿ ಕುಳಿತ ಮೇಲೆ. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಬಾಯಿಗೆ ಬದಾಮಿ ಹಾಲು ಬಂತು. ಹನ್ನೊಂದು ವರ್ಷ ಎಲ್ಲರ ಮುಂದೆಯೂ ನಿಂತೇ ಇದ್ದ ಮನುಷ್ಯ ಅಂದು ಮೊದಲ ಸಲ ಒರಗಿ ಕುಳಿತ. ಹೇಳಲಿಲ್ಲ.

ವಾರ ಕಳೆಯುವುದರೊಳಗೆ ಅವನು ರಿಕಾರ್ಡ್ ಗಿರಿಯಪ್ಪನಾದ. ಗೋಕುಲ ರಸ್ತೆಯ ಕಡೆಗಿದ್ದ ಅವನ ಓಣಿಯಲ್ಲಿ, ಎರಡು ಖೋಲಿಯ ಮನೆಯೊಳಗೆ ಹದಿನಾರು ಸಾವಿರ ತಾಟುಗಳನ್ನು ಎಲ್ಲಿ ಇಟ್ಟಿದ್ದೀರೆಂದು ನೆರೆಹೊರೆಯವರು ನಳದ ಹತ್ತಿರ ಅವನ ಹೆಂಡತಿ ಸತ್ಯವ್ವನನ್ನು ಕೇಳಿದರು. ಅವಳಿಗೆ ಏನೂ ಗೊತ್ತಿರಲಿಲ್ಲ. ಇದ್ದ ಸತ್ಯವನ್ನೇ ಹೇಳಿದಳು: ಅವರ ರಿಕಾರ್ಡೆಲ್ಲ ಕಚೇರಿಯಲ್ಲಿವೆ, ಸರಕಾರ ಒಂದು ಕೋಣೆ ಕೊಟ್ಟಿದೆ. ಇದರಿಂದ ಅವನ ಮಾನ ಇಮ್ಮಡಿಯಾಯಿತು. ಮನೆಯಲ್ಲಿಯೂ ತುಸು ಇಟ್ಟಿರಬೇಕಲ್ಲ, ಒಂದು ಆದಿತ್ಯವಾರ ಬಂದು ನೋಡುತ್ತೇವೆ ಎಂದು ಮಂಡಳದವರು ಹೇಳಿಕಳಿಸಿದರು.

ಗಿರಿಯಪ್ಪ ಅಬ್ದುಲಗನಿಯ ಗುಜರಿ ಅಂಗಡಿಗೆ ಹೋದ. ಮೊಳೆ, ಮುರಿದ ಕೊಳವೆ, ಹಳೆಯ ಬೀಗಗಳ ನಡುವೆ ಅಲ್ಲಿ ಹಾಡಿನ ತಾಟುಗಳ ಒಂದು ರಾಶಿ ಇತ್ತು. ಅರಗಿನ ಸಲುವಾಗಿ ಕರಗಿಸುವವರು ಅವನ್ನು ತೂಕದ ಮೇಲೆ ಒಯ್ಯುತ್ತಿದ್ದರು. ಸೇರು ಹೋಗಿ ಕಿಲೋದ ಹೊಸ ತೂಕ ಬಂದು ಹೆಚ್ಚು ದಿನವಾಗಿರಲಿಲ್ಲ. ಯಾರ ಹಾಡು ಬೇಕೆಂದು ಅಬ್ದುಲಗನಿ ಕೇಳಿದಾಗ ಗಿರಿಯಪ್ಪ ಎಂಟು ಕಿಲೋ ಬೇಕೆಂದ. ಒಂದಕ್ಕೆ ಇನ್ನೂರು ಗ್ರಾಮಿನಂತೆ ಎಂಟು ಕಿಲೋಕ್ಕೆ ನಲವತ್ತು ಆಗಬೇಕು, ನಲವತ್ತೇ ಆದವು. ಈ ಕಥೆಯಲ್ಲಿ ಎಣಿಕೆಗೆ ಸರಿಯಾಗಿ ಬಂದದ್ದು ಅದೊಂದೇ.

ಮುಂದಿನದನ್ನು ಅವನು ಬಲ್ಲವನ ಹಾಗೆ ಮಾಡಿದ, ಏಕೆಂದರೆ ಬಲ್ಲವನೇ ಆಗಿದ್ದ. ಫೈಲಿನ ರಟ್ಟು ಕತ್ತರಿಸಿ, ಕಾಗದದ ಚೀಲಗಳನ್ನು ದಬ್ಬಣದಿಂದ ಹೊಲಿದು, ಹತ್ತು ಹತ್ತು ತಾಟಿನ ನಾಲ್ಕು ಆಲ್ಬಂ ಕಟ್ಟಿದ. ಬೆನ್ನಿಗೆ ಕೆಂಪು ಲಾಡಿ. ಒಂದು ರಿಜಿಸ್ಟರು ಹಾಕಿದ. ಕ್ರಮಾಂಕ, ಹಾಡಿದವರ ಹೆಸರು, ಊರು, ಷರಾ ಎಂದು ಖಾನೆಗಳನ್ನು ಎಳೆದ. ಪ್ರತಿ ತಾಟಿನ ನಡುವೆ ಅಂಟಿಸಿದ್ದ ಗುಂಡು ಚೀಟಿಯನ್ನು ನೋಡಿ ಹೆಸರು ಬರೆದುಕೊಂಡ. ಇಪ್ಪತ್ತೇಳನೆಯ ತಾಟಿಗೆ ಬಂದಾಗ ಕೈ ನಿಂತಿತು. ಅದಕ್ಕೆ ಚೀಟಿ ಇರಲಿಲ್ಲ. ನಡು ಬೋಳಾಗಿತ್ತು.

ಖಾನೆ ಖಾಲಿ ಬಿಡುವಂತಿರಲಿಲ್ಲ. ತಾಟು ಸಿಕ್ಕಿದ್ದ ಹರಕು ಚೀಲದ ಮೇಲೆ 'ಸಿತಾರಾಬಾಯಿ, ಮುಂಬಯಿ' ಎಂದು ಅಚ್ಚಾಗಿತ್ತು. ಯಾವ ಹೊದಿಕೆಯೊಳಗೆ ಕಾಗದವಿದೆಯೋ ಅದು ಆ ಹೊದಿಕೆಯ ಕಾಗದವೇ ಎಂಬುದು ದಫ್ತರದ ಪದ್ಧತಿ. ಅಬ್ದುಲಗನಿಯ ಅಂಗಡಿಯಲ್ಲಿ ಯಾವ ತಾಟಿಗೆ ಯಾವ ಚೀಲ ಸಿಕ್ಕಿತೋ ಅದೇ ಅದರದೆಂಬುದು ಗುಜರಿಯ ಪದ್ಧತಿ. ಗಿರಿಯಪ್ಪ ಅವಲಕ್ಕಿ ಡಬ್ಬಿಯ ಮುಚ್ಚಳವನ್ನು ದಪ್ಪ ಕಾಗದದ ಮೇಲಿಟ್ಟು ವರ್ತುಲ ಎಳೆದು, ಕತ್ತರಿಸಿ, ನಡುವೆ ತೂತು ಮಾಡಿ, ಅದರ ಮೇಲೆ ತನ್ನ ದುಂಡಕ್ಷರದಲ್ಲಿ 'ನಂ. 27, ಸಿತಾರಾಬಾಯಿ, ಮುಂಬಯಿ' ಎಂದು ಬರೆದು, ಕಚೇರಿಯ ಅಂಟಿನಿಂದ ಬಿಗಿಯಾಗಿ ಅಂಟಿಸಿದ. ಮುಚ್ಚಳ ತುಸು ದೊಡ್ಡದಿತ್ತು. ಬೋಳು ಜಾಗವನ್ನು ದಾಟಿ ಕಾಗದವು ಹಾಡಿನ ಗೆರೆಗಳ ಮೇಲೆ ಸುತ್ತಲೂ ಕಾಲು ಇಂಚು ಏರಿತು. ಅವನ ಮನೆಯಲ್ಲಿ ಇನ್ನೂ ಹಾಡಿನ ಯಂತ್ರವಿರಲಿಲ್ಲ, ಆ ತಾಟನ್ನು ಯಾರೂ ಹಚ್ಚಿ ನೋಡಿರಲಿಲ್ಲ. ಈ ಕಾಲು ಇಂಚನ್ನು ಓದುವವರು ನೆನಪಿನಲ್ಲಿಡಬೇಕು.

ಆದಿತ್ಯವಾರ ಮಂಡಳದವರು ಬಂದರು. ಆಲ್ಬಮ್ಮುಗಳ ಪುಟ ತಿರುವಿ ಅಕ್ಷರವನ್ನು ಹೊಗಳಿದರು. ಕಡೆಗೆ ಗುರುಶಿದ್ದಪ್ಪ, ಯಂತ್ರ ಎಲ್ಲಿ ಎಂದ. ರಿಪೇರಿಗೆ ಹೋಗಿದೆ, ಗುಲಾಬಸಾಬರ ಹತ್ತಿರ ಇದೆ ಎಂದು ಗಿರಿಯಪ್ಪ ಹೇಳಿದ. ಹಳೇ ಹುಬ್ಬಳ್ಳಿಯಲ್ಲಿ ಗಡಿಯಾರ, ಸ್ಟೋವು, ಹಾಡಿನ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಗುಲಾಬಸಾಬನ ಪಾಟಿಯನ್ನು ಅವನು ದಾರಿಯಲ್ಲಿ ಓದಿದ್ದ. ಆ ಮನುಷ್ಯನನ್ನು ಕಂಡಿರಲಿಲ್ಲ. ಮುಂದಿನ ಐದು ದಿನಗಳಲ್ಲಿ ಮಂಡಳದ ಐದು ಜನ ಒಬ್ಬರ ಹಿಂದೊಬ್ಬರು ಗುಲಾಬಸಾಬನ ಅಂಗಡಿಗೆ ಹೋಗಿ, ಗಿರಿಯಪ್ಪನವರ ಯಂತ್ರವನ್ನು ಲಗೂ ಮಾಡಿಕೊಡಲು ತಾಕೀತು ಮಾಡಿದರು. ಆರನೆಯ ದಿನ ಗುಲಾಬಸಾಬ ತಾನೇ ಮನೆ ಹುಡುಕಿಕೊಂಡು ಬಂದ.

"ನಿಮ್ಮ ಮಶೀನು ನನ್ನ ಕಡೆ ಐತಿ ಅಂತ ಊರೆಲ್ಲಾ ಹೇಳಾಕತ್ತೈತ್ರಿ," ಎಂದ. "ನಾ ಕಳದೇನೋ, ನೀವು ಕೊಟ್ಟಿಲ್ಲೋ, ಅದೊಂದು ಹೇಳಿಬಿಡ್ರಿ. ಐದ ದಿನ ಅಂಗಡಿ ತಳಮೇಲ ಮಾಡೇನಿ."

ಗಿರಿಯಪ್ಪ ತಲೆ ತಗ್ಗಿಸಿದ. ಸತ್ಯವ್ವ ಒಳಗಿನಿಂದ ಬಂದು, ಇಲ್ಲದ್ದನ್ನು ಎಲ್ಲಿಂದ ಕೊಡುತ್ತಾರಣ್ಣಾ ಎಂದು ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಗುಲಾಬಸಾಬ ನಗಲಿಲ್ಲ. ಮರುದಿನ ಒಂದು ಯಂತ್ರವನ್ನು ಸೈಕಲ್ಲಿನ ಮೇಲೆ ಕಟ್ಟಿಕೊಂಡು ತಂದು ಇಳಿಸಿದ. ಅದು ಅವನ ತಾಯಿ ಖಾತುನಬಿಯದು. ಕೆಲವು ವರ್ಷಗಳಿಂದ ಅವಳ ಟ್ರಂಕಿನ ಮೇಲೆ ಸುಮ್ಮನೆ ಕುಳಿತಿತ್ತು. ಹಾಡುವುದಿದ್ದರೆ ಹಾಡಲಿ ಎಂದು ಅವಳೇ ಕಳಿಸಿದ್ದಳು. ಬದಲಿಗೆ ಒಂದು ವಿಚಾರಣೆ ಇತ್ತು.

ಖಾತುನಬಿ ಹದಿನಾರರ ಹುಡುಗಿಯಾಗಿದ್ದಾಗ ತಾಟು ತುಂಬುವ ಕಂಪನಿಯವರು ಬೆಳಗಾವಿಗೆ ಬಂದಿದ್ದರು. ಅವಳು ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗಿ, ದೊಡ್ಡ ಭೋಂಗದ ಮುಂದೆ ನಿಂತು ಭೀಮಪಲಾಸದ ಒಂದು ಚೀಜು ಹಾಡಿದ್ದಳು. ಒಂದೇ ತಾಟು. ಅದರ ಮರುವರ್ಷ ಮದುವೆಯಾಗಿ ಹಾಡು ನಿಂತಿತು. ಮನೆಯಲ್ಲಿದ್ದ ಆ ಒಂದು ತಾಟಿನ ಮೇಲೆ ಯಾರದೋ ಮದುವೆಗೆ ಬಂದ ದಪ್ಪ ಬೀಗರೊಬ್ಬರು ಕುಳಿತರು. ಈಗ ಅವಳ ಒಂದು ಕಿವಿ ಪೂರಾ ಮುಚ್ಚಿತ್ತು. ಇನ್ನೊಂದು ಹೆಚ್ಚೆಂದರೆ ಒಂದು ವರ್ಷ ನಡೆದೀತೆಂದು ಡಾಕ್ಟರರು ಹೇಳಿದ್ದರು. ಅದು ಮುಚ್ಚುವ ಮೊದಲು ಆ ಹುಡುಗಿಯ ದನಿಯನ್ನು ಒಮ್ಮೆ ಕೇಳಬೇಕೆಂಬುದು ಅವಳ ಆಸೆ.

"ನಿಮ್ಮ ನಲವತ್ತರಾಗ ಐತೇನು ನೋಡ್ರಿ," ಎಂದ ಗುಲಾಬಸಾಬ.

ಗಿರಿಯಪ್ಪ ರಿಜಿಸ್ಟರು ತೆರೆದು ಒಂದರಿಂದ ನಲವತ್ತರವರೆಗೆ ಬೆರಳು ಎಳೆದ. ಖಾತುನಬಿ ಇರಲಿಲ್ಲ. ಇಲ್ಲವೆಂದು ಹೇಳಿದ, ಅಂದು ಅವನು ಹೇಳಿದ್ದು, ಅವನ ಮಟ್ಟಿಗೆ, ಸುಳ್ಳಲ್ಲ.

ಯಂತ್ರ ಬಂದ ಮೇಲೆ ನಲವತ್ತು ತಾಟುಗಳನ್ನೂ ಕ್ರಮಾಂಕದ ಪ್ರಕಾರ ಹಚ್ಚಿದ. ಇಪ್ಪತ್ತಾರರವರೆಗೆ ಅದು ಕಚೇರಿಯ ಕೆಲಸದಂತೆಯೇ ನಡೆಯಿತು. ಇಪ್ಪತ್ತೇಳು ಹಚ್ಚಿದಾಗ ಸತ್ಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟಿತು. ದೂರದ ಬಾವಿಯೊಳಗಿಂದ ಬಂದಂತಹ ಸಣ್ಣ ದನಿ. ಎಲ್ಲಿಯೂ ಬೇಡಿಕೊಳ್ಳದೆ, ಎಲ್ಲಿಯೂ ಅವಸರಪಡದೆ ಮೇಲೇರಿ, ತಿರುಗಿ ಮನೆಗೆ ಬಂದಂತೆ ಷಡ್ಜಕ್ಕೆ ಬಂದು ನಿಲ್ಲುತ್ತಿತ್ತು. ಮರುದಿನದಿಂದ ಅವನು ಕಚೇರಿಗೆ ಹೊರಡುವ ಮೊದಲು ಅದೊಂದನ್ನು ಹಚ್ಚತೊಡಗಿದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡಮಾಡದವನು ದಿನಾಲು ಮೂರು ನಿಮಿಷ ತಡವಾಗಿ ಹೋಗತೊಡಗಿದ. ತಾಟಿನ ಉದ್ದವೂ ಮೂರು ನಿಮಿಷವೇ ಆಗಿತ್ತು. ಅಳುಕುತ್ತ ಬಂದವರನ್ನು ಕೂರಲು ಹೇಳಿದ್ದೂ ಉಂಟು. ಸಾಹೇಬರು ಇದನ್ನು ಗಮನಿಸಿ, ಮೈ ನೆಟ್ಟಗಿದೆಯೇ ಎಂದು ವಿಚಾರಿಸಿದರು.

ಒಂದು ತೊಡಕಿತ್ತು. ಸೂಜಿ ಒಳಗಿನ ಗೆರೆಗಳಿಗೆ ಬಂದಾಗ ಕಾಗದದ ಅಂಚಿಗೆ ತಾಕಿ ಕರ್ರೆಂದು ಕಿರುಚುತ್ತಿತ್ತು. ಆದ್ದರಿಂದ ಅವನು ಅಂಚು ಹತ್ತಿರ ಬರುತ್ತಲೇ ಎರಡು ಬೆರಳಿನಿಂದ ಸೂಜಿಯನ್ನು ಎತ್ತಿಬಿಡುತ್ತಿದ್ದ. ಮಂಡಳದವರ ಮುಂದೆ ಮೊದಲ ಸಲ ಹೀಗೆ ಎತ್ತಿದಾಗ ಗುರುಶಿದ್ದಪ್ಪ, ಪೂರಾ ಯಾಕೆ ಹಚ್ಚಲಿಲ್ಲ ಎಂದು ಕೇಳಿದ. ಕಾಗದದ ಮಾತು ಹೇಳಲು ಗಿರಿಯಪ್ಪನಿಗೆ ನಾಚಿಕೆಯಾಯಿತು.

"ಅಲ್ಲಿಗೇ ಸಾಕ್ರಿ," ಎಂದ.

ಈ ಮಾತಿಗೆ ಅವನು ಇಟ್ಟುಕೊಳ್ಳದ ಅರ್ಥವನ್ನು ಏಕನಾಥ ಮಾಸ್ತರರು ಕಂಡುಕೊಟ್ಟರು. ನಿಜವಾದ ರಸಿಕ ಹಾಡನ್ನು ಮುಗಿಯಗೊಡುವುದಿಲ್ಲ. ಉಳಿದದ್ದು ಕೇಳುವವನ ಒಳಗೆ ನಡೆಯಬೇಕು ಎಂದು ಕಣ್ಣು ಮುಚ್ಚಿ ವಿವರಿಸಿದರು. ತಿಂಗಳೊಪ್ಪತ್ತಿನಲ್ಲಿ ಹುಬ್ಬಳ್ಳಿಯ ಮರ್ಯಾದಸ್ಥರ ಮನೆಗಳಲ್ಲಿ ಯಾವ ತಾಟೂ ಕೊನೆ ಮುಟ್ಟದಂತಾಯಿತು. ಕೊನೆಯವರೆಗೆ ಕೇಳುವವನನ್ನು ಹಳ್ಳಿಯವನೆಂದು ತಿಳಿಯತೊಡಗಿದರು. ಧಾರವಾಡದವರೂ ಈ ರೂಢಿಯನ್ನು ಸ್ವೀಕರಿಸಿ, ಇದು ಮೊದಲು ತಮ್ಮಲ್ಲಿಯೇ ಇತ್ತೆಂದರು.

ಅರವತ್ತೆರಡರ ಫೆಬ್ರುವರಿಯ ಒಂದು ಆದಿತ್ಯವಾರ ಗಿರಿಯಪ್ಪನ ಮನೆಯಲ್ಲಿ ಬೈಠಕ್ಕು ಸೇರಿತ್ತು. ಮುಂದಿನ ಖೋಲಿಯಲ್ಲಿ ಮಂಡಳದ ಹದಿನೆಂಟು ಜನ. ಓಣಿಯವರು ಕಟ್ಟೆಯ ಮೇಲೆ. ಗುಲಾಬಸಾಬ ತನ್ನ ತಾಯಿಯನ್ನು ಕರೆತಂದಿದ್ದ. ತನ್ನ ತಾಟು ಇಲ್ಲದಿದ್ದರೂ ತನ್ನ ಪೆಟ್ಟಿಗೆ ಹೇಗೆ ಹಾಡುತ್ತದೆಂದು ಕೇಳುವ ಇಚ್ಛೆ ಅವಳಿಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಸತ್ಯವ್ವನ ಪಕ್ಕದಲ್ಲಿ, ಕೇಳುವ ಕಿವಿಯನ್ನು ಈ ಕಡೆಗೆ ಮಾಡಿ ಕುಳಿತಳು. ಗಿರಿಯಪ್ಪ ಇಪ್ಪತ್ತೇಳನ್ನು ಹಚ್ಚಿದ.

ಅರ್ಧ ಹಾಡು ಆಗುವುದರೊಳಗೆ ಮುದುಕಿಯ ಕೈ ಸತ್ಯವ್ವನ ಮೊಣಕಾಲಿನ ಮೇಲೆ ಬಂತು. ಗಿರಿಯಪ್ಪ ಎಂದಿನಂತೆ ಎರಡು ಬೆರಳಿನಿಂದ ಸೂಜಿ ಎತ್ತಿದ. ಎಲ್ಲರೂ ಉಳಿದದ್ದನ್ನು ಒಳಗೆ ಕೇಳಿಸಿಕೊಳ್ಳುತ್ತ ಕಣ್ಣು ಮುಚ್ಚಿದ್ದರು.

"ಇದು ನನ್ನ ದನಿ," ಎಂದಳು ಖಾತುನಬಿ.

ಹದಿನೆಂಟು ಜನ ಕಣ್ಣು ತೆರೆದರು.

"ಕಡೀತನಕ ಹಚ್ಚಪಾ. ಕಡೀಕ ಹೆಸರ ಹೇಳೇನಿ. ಆಗ ಎಲ್ಲಾರ ಕಡೆಯಿಂದನೂ ಹೇಳಸ್ತಿದ್ರು."

ಅವಳು ಹೇಳಿದ್ದು ನಿಜ. ತಾಟುಗಳ ಆರಂಭದ ಕಾಲದಲ್ಲಿ ಹಾಡು ಮುಗಿಯುತ್ತಲೇ ಹಾಡಿದವರು ಭೋಂಗದೊಳಗೆ ತಮ್ಮ ಹೆಸರು ಕೂಗುತ್ತಿದ್ದರು; ಯಾರ ತಾಟಿಗೆ ಯಾವ ಚೀಟಿ ಎಂಬುದು ತಪ್ಪಬಾರದಲ್ಲ. ಆದರೆ ಕೊನೆಯನ್ನೇ ಕೇಳದ ರಸಿಕರಿಗೆ ಇದು ಗೊತ್ತಿರಲು ದಾರಿಯಿರಲಿಲ್ಲ. ಹದಿನೆಂಟು ಜನವೂ ಗಿರಿಯಪ್ಪನ ಕಡೆ ನೋಡಿದರು. ಕೊನೆಯವರೆಗೆ ಹಚ್ಚಬೇಕಾದರೆ ಕಾಗದ ಕೀಳಬೇಕು. ಕಾಗದ ಕಿತ್ತರೆ ಅದನ್ನು ಅಂಟಿಸಿದ್ದು ಯಾಕೆಂದು ಹೇಳಬೇಕು. ಅದನ್ನು ಹೇಳಿದರೆ ಎಂಟು ಕಿಲೋದ ಮಾತು ಬರುತ್ತದೆ, ಅದರ ಹಿಂದೆ ಹದಿನಾರು ಸಾವಿರದ್ದು, ಅದರ ಹಿಂದೆ ಲೋಡಿನದು. ಅವನು ರಿಜಿಸ್ಟರು ತೆರೆದ. ಸಾಲಿನ ಮೇಲೆ ಬೆರಳಿಟ್ಟ. ಸಿತಾರಾಬಾಯಿ, ಮುಂಬಯಿ.

"ರಿಕಾರ್ಡಿನ್ಯಾಗ ಹಂಗ ಇಲ್ಲರಿ," ಎಂದ.

ಮುದುಕಿ ಬೆರಳನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಇರಲಿ ಬಿಡಪಾ ಎಂದು, ಸತ್ಯವ್ವನ ಕೈಯಿಂದ ಒಂದು ತಂಬಿಗೆ ನೀರು ಕುಡಿದು, ಮಗನ ಹೆಗಲು ಹಿಡಿದು ಹೊರಟಳು. ಗುಲಾಬಸಾಬ ಬಾಗಿಲಲ್ಲಿ ನಿಂತು, ಆ ಕಾಗದ ತುಸು ದೊಡ್ಡದಾದಂತೆ ಕಾಣುತ್ತದೆ, ತೆಗೆದು ನೋಡಿದರೆ ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ದಾಖಲಾದ ವಸ್ತುವನ್ನು ಮೇಲಿನವರ ಹುಕುಮಿಲ್ಲದೆ ಮುಟ್ಟುವಂತಿಲ್ಲ ಎಂದು ಗಿರಿಯಪ್ಪ ಹೇಳಿದ. ಗುಲಾಬಸಾಬ ಯಂತ್ರವನ್ನು ಮರಳಿ ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ಗಿರಿಯಪ್ಪನಿಗೆ ಹಗುರಾಗುತ್ತಿತ್ತು.

ಮೇಲಿನವರ ಹುಕುಮು ಎಂಬ ಮಾತು ಗುರುಶಿದ್ದಪ್ಪನ ಕಿವಿಗೆ ಬಿದ್ದು ಅವನಿಗೆ ಬಹಳ ಹಿತವಾಯಿತು. ಮಂಡಳಕ್ಕೆ ಈವರೆಗೆ ಹುಕುಮು ಮಾಡುವ ಪ್ರಸಂಗ ಬಂದಿರಲಿಲ್ಲ. ಇಪ್ಪತ್ತೇಳನೆಯ ತಾಟಿನ ವಿಚಾರಣೆಗೆ ಮೂವರ ಉಪಸಮಿತಿ ನೇಮಕವಾಯಿತು: ಗುರುಶಿದ್ದಪ್ಪ, ಏಕನಾಥ ಮಾಸ್ತರರು, ಮತ್ತು ಕಾರ್ಯದರ್ಶಿಯಾಗಿ ಗಿರಿಯಪ್ಪ. ಹೀಗೆ ತಪ್ಪು ಮಾಡಿದವನೇ ತಪ್ಪಿನ ಫೈಲನ್ನು ಕಟ್ಟಿದ. ಬಹಳ ಚೆನ್ನಾಗಿ ಕಟ್ಟಿದ.

ಮೊದಲ ಸಭೆಯಲ್ಲಿ ಉಪಸಮಿತಿಗೆ ಯಾವ ಹೆಸರಿಡಬೇಕೆಂಬ ಚರ್ಚೆ ಮುಗಿಯಲಿಲ್ಲ. ಎರಡನೆಯದರಲ್ಲಿ ಅಂಟು ಎಂಬುದು ತಾಟಿನ ಭಾಗವೋ ಕಾಗದದ ಭಾಗವೋ ಎಂದು ಮತಭೇದವಾಯಿತು. ನಡುವೆ ಸಿತಾರಾಬಾಯಿಯವರಿಗೆ ಮುಂಬಯಿ ಎಂಬ ಪತ್ತೆಗೆ ಒಂದು ಪತ್ರ ಹೋಯಿತು. ಮೂರು ತಿಂಗಳ ಮೇಲೆ, ಈ ಶಹರದಲ್ಲಿ ಈ ಹೆಸರಿನವರು ಅನೇಕರಿದ್ದಾರೆ, ತಂದೆಯ ಹೆಸರು ತಿಳಿಸುವುದು ಎಂಬ ಷರಾದೊಡನೆ ತಿರುಗಿ ಬಂತು. ಮೂರನೆಯ ಸಭೆ ಧಾರವಾಡದಿಂದ ಒಬ್ಬ ತಜ್ಞರನ್ನು ಕರೆಸಿತು. ಅವರು ತಾಟನ್ನು ಮೂಸಿ ನೋಡಿ, ಕಾಗದವನ್ನು ನೆನೆಸಿ ತೆಗೆಯಬಹುದು, ಆದರೆ ಹುಬ್ಬಳ್ಳಿಯ ನೀರು ಗಡಸು, ಈ ಕೆಲಸಕ್ಕೆ ಧಾರವಾಡದ ನೀರೇ ಬೇಕು ಎಂದು ಅಭಿಪ್ರಾಯಪಟ್ಟರು. ಗುರುಶಿದ್ದಪ್ಪ ಹುಬ್ಬಳ್ಳಿಯಲ್ಲಿ ಹುಟ್ಟಿದವನು. ನೀರಿನ ಪ್ರಶ್ನೆಯಲ್ಲಿ ನಾಲ್ಕನೆಯ ಸಭೆ ಪೂರ್ತಿ ಹೋಯಿತು, ಎಂಟು ತಿಂಗಳೂ ಹೋದವು.

ಈ ಅವಧಿಯಲ್ಲಿ ಇಪ್ಪತ್ತೇಳು ಹಾಡಲಿಲ್ಲ. ವಿಚಾರಣೆಯಲ್ಲಿರುವ ವಸ್ತುವನ್ನು ಬಳಸಬಾರದೆಂದು ಗಿರಿಯಪ್ಪನೇ ನಿಯಮ ಓದಿ ಹೇಳಿದ್ದ. ಅವನು ಮತ್ತೆ ಸಮಯಕ್ಕೆ ಸರಿಯಾಗಿ ಕಚೇರಿಗೆ ಹೋಗತೊಡಗಿದ. ಬಂದವರು ಮತ್ತೆ ನಿಂತೇ ಮಾತಾಡಿದರು. ಕಾಗದ ಕಿತ್ತು ನೋಡಿರೆಂದು ಸತ್ಯವ್ವ ತಿಂಗಳಿಗೆ ಒಮ್ಮೆಯಂತೆ ಹದಿನಾಲ್ಕು ಸಲ ಹೇಳಿದಳು. ಹದಿನೈದನೆಯ ಸಲ ಹೇಳಲಿಲ್ಲ.

ಅರವತ್ಮೂರರ ಏಪ್ರಿಲ್‌ನಲ್ಲಿ ಐದನೆಯ ಸಭೆ ಗಿರಿಯಪ್ಪನ ಮನೆಯಲ್ಲಿ ಕೂಡಿತು. ಹಿಂದಿನ ಸಭೆಯ ನಡಾವಳಿಯನ್ನು ಅವನು ಓದುತ್ತಿದ್ದ. ಸತ್ಯವ್ವ ಒಲೆಯ ಮೇಲೆ ಚಹಕ್ಕೆ ನೀರಿಟ್ಟು, ಹೊರಗೆ ಬಂದು, ಯಾರನ್ನೂ ಕೇಳದೆ ಮೂರನೆಯ ಆಲ್ಬಮ್ಮಿನಿಂದ ಇಪ್ಪತ್ತೇಳನ್ನು ಎಳೆದುಕೊಂಡು ಒಳಗೆ ಹೋದಳು. ಕೊಡದ ತಣ್ಣೀರಿನಲ್ಲಿ ಒಂದು ಅರಿವೆ ಅದ್ದಿ ಕಾಗದದ ಮೇಲೆ ಹಾಸಿದಳು. ಹುಬ್ಬಳ್ಳಿಯ ನಳದ ನೀರು. ಚಹ ಕುದಿಯುವುದರೊಳಗೆ ಕಾಗದ ತಾನಾಗಿ ಎದ್ದು ಅವಳ ಕೈಗೆ ಬಂತು. ಮೂರು ಬಟ್ಟಲು ಚಹದ ತಾಟಿನೊಂದಿಗೆ ಹಾಡಿನ ತಾಟನ್ನೂ ತಂದು ಗಂಡನ ಮುಂದಿಟ್ಟಳು.

"ಹಚ್ಚರಿ," ಎಂದಳು.

ಇದು ವಿಷಯಪತ್ರಿಕೆಯಲ್ಲಿಲ್ಲವೆಂದು ಮಾಸ್ತರರು ಹೇಳುತ್ತಿದ್ದರು. ಸತ್ಯವ್ವ ಅವರ ಕೈಗೆ ಬಟ್ಟಲು ಕೊಟ್ಟಳು. ಗಿರಿಯಪ್ಪ ಕೀಲಿ ತಿರುವಿ ಸೂಜಿ ಇಟ್ಟ. ಹದಿನಾಲ್ಕು ತಿಂಗಳ ಮೇಲೆ ಆ ದನಿ ಮತ್ತೆ ಮೇಲೇರಿತು. ಯಾವಾಗಲೂ ಎತ್ತುವ ಜಾಗ ಬಂದಾಗ ಅವನ ಎರಡು ಬೆರಳು ತಾವಾಗಿಯೇ ಮುಂದೆ ಹೋದವು. ಸತ್ಯವ್ವ ಅವನ ಮುಂಗೈ ಹಿಡಿದಳು.

ಇಂಚಿಗೆ ನೂರು ಗೆರೆ. ಕಾಲು ಇಂಚಿಗೆ ಇಪ್ಪತ್ತೈದು ಸುತ್ತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನಂತೆ ಇಪ್ಪತ್ತೈದು ಸುತ್ತಿಗೆ ಹತ್ತೊಂಬತ್ತು ಸೆಕೆಂಡು. ಹಾಡು ಕೊನೆಯ ಸಲ ಷಡ್ಜಕ್ಕೆ ಬಂದು ನಿಂತಿತು. ಸಾರಂಗಿ ನಿಂತಿತು. ಆಮೇಲೆ, ಯಾರೋ ಹಿಂದಿನಿಂದ ನೂಕಿ ಹೇಳಿಸಿದಂತೆ, ಹುಡುಗಿಯೊಬ್ಬಳು ಅವಸರದಿಂದ ಕೂಗಿದಳು:

"ನಾನು ಖಾತುನಬಿ, ಹುಬ್ಬಳ್ಳಿ."

ಮೊದಲು ಮಾತಾಡಿದವನು ಗುರುಶಿದ್ದಪ್ಪ. ಹುಬ್ಬಳ್ಳಿ ಎಂಬ ಶಬ್ದ 'ಧಾರವಾಡ' ಎಂಬ ಶಬ್ದಕ್ಕಿಂತ ಮೊದಲೇ ತಾಟಿನ ಮೇಲೆ ಬಂದಿರಬೇಕೆಂದು ಅವನು ಊಹಿಸಿ, ಖಾತುನಬಿಯವರಿಗೆ ಶಾಲು ಹೊದಿಸಿ ಸತ್ಕರಿಸಲು ಇನ್ನೊಂದು ಉಪಸಮಿತಿಯನ್ನು ಸೂಚಿಸಿದ. ಏಕನಾಥ ಮಾಸ್ತರರು ಇದನ್ನು ತಾವು ಮೊದಲೇ ತಿಳಿದಿದ್ದಾಗಿ ಅನುಮೋದಿಸಿದರು. ಕಾರ್ಯದರ್ಶಿ ನಡಾವಳಿ ಬರೆದುಕೊಳ್ಳಲಿಲ್ಲ. ಅವನು ಯಂತ್ರವನ್ನು ಹೆಗಲ ಮೇಲೆ ಹೊತ್ತಿದ್ದ. ಸತ್ಯವ್ವ ತಾಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ನಡೆದಳು.

ಹಳೇ ಹುಬ್ಬಳ್ಳಿ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಗುಲಾಬಸಾಬ ಅಂಗಡಿಯಿಂದ ಎದ್ದು ಬಂದು, ಹೊರೆ ಇಳಿಸಲು ಕೈ ಕೊಟ್ಟ. ಯಾಕೆ ಬಂದಿರೆಂದು ಕೇಳಲಿಲ್ಲ. ತಾಟು ಅವಳದೇ ಎಂದು ಗಿರಿಯಪ್ಪ ಹೇಳಿದ ಮೇಲೆ ಸ್ವಲ್ಪ ಹೊತ್ತು ಸ್ಟೋವಿನ ಬತ್ತಿಯನ್ನು ಕೈಯಲ್ಲಿ ತಿರುವುತ್ತ ನಿಂತ. ಡಾಕ್ಟರರು ಒಂದು ವರ್ಷ ಎಂದಿದ್ದರು. ಲೆಕ್ಕ ಸರಿಯಾಗಿಯೇ ಬಂದಿತ್ತು. ಎರಡು ತಿಂಗಳಾಯಿತು, ಅವ್ವನಿಗೆ ಈಗ ಏನೂ ಕೇಳುವುದಿಲ್ಲ ಎಂದ.

ಖಾತುನಬಿ ಒಳಗೆ ಹೊರಸಿನ ಮೇಲೆ ಕುಳಿತಿದ್ದಳು. ಪೆಟ್ಟಿಗೆಯನ್ನು ಗುರುತಿಸಿ, ಬಂತೇನು ಎಂದಳು. ಕೇಳದವರ ಹಾಗೆ ತುಸು ಜೋರಾಗಿ. ಗಿರಿಯಪ್ಪ ಅದನ್ನು ಅವಳ ಎದುರಿಗೆ ಟ್ರಂಕಿನ ಮೇಲಿಟ್ಟು ಕೀಲಿ ತಿರುವಿದ. ಅವಳು ಅಂಗೈಯನ್ನು ಪೆಟ್ಟಿಗೆಯ ಮೈಗೆ ಹಚ್ಚಿ, ಸೂಜಿಯನ್ನೇ ನೋಡುತ್ತ ಕುಳಿತಳು. ಖೋಲಿಯಲ್ಲಿದ್ದ ಮೂವರು ಕೇಳಿದರು. ಸೂಜಿ ಆ ಜಾಗಕ್ಕೆ ಬಂತು. ತಾಟಿನ ಮೇಲೆ ಒಣಗಿದ ಅಂಟಿನ ಗುಂಡು ಗುರುತು ಇನ್ನೂ ಇತ್ತು.

"ಎತ್ತಪಾ," ಎಂದಳು ಮುದುಕಿ. "ಇಲ್ಲೇ ಎತ್ತತಿದ್ದೆಲ್ಲ."

ಗಿರಿಯಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹತ್ತೊಂಬತ್ತು ಸೆಕೆಂಡು ಆದವು. ಹುಡುಗಿ ತನ್ನ ಹೆಸರು ಹೇಳಿದಳು. ಗುಲಾಬಸಾಬ ಗೋಡೆಯ ಕಡೆ ತಿರುಗಿದ. ಮುದುಕಿ ಮಗನ ಬೆನ್ನನ್ನು ನೋಡಿದಳು, ಸತ್ಯವ್ವನ ಮುಖ ನೋಡಿದಳು, ಆಮೇಲೆ ಗಿರಿಯಪ್ಪನನ್ನು ನೋಡಿದಳು.

"ರಿಕಾರ್ಡಿನ್ಯಾಗ ಐತೇನು?"

ಅವನು ಹೌದೆಂದು ತಲೆಯಾಡಿಸಿದ. ಅವಳಿಗೆ ಕಂಡಿತೋ ಇಲ್ಲವೋ ಎಂದು ಮತ್ತೊಮ್ಮೆ ಆಡಿಸಿದ. ಅವಳು ಪೆಟ್ಟಿಗೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಯಂತ್ರವನ್ನೂ ತಾಟನ್ನೂ ಅಲ್ಲಿಯೇ ಬಿಟ್ಟು ಅವರು ಮನೆಗೆ ಬಂದರು. ಗಿರಿಯಪ್ಪ ರಿಜಿಸ್ಟರು ತೆರೆದು, ಇಪ್ಪತ್ತೇಳನೆಯ ಸಾಲಿನಲ್ಲಿ ಸಿತಾರಾಬಾಯಿ ಮುಂಬಯಿ ಎಂಬುದನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ 'ಖಾತುನಬಿ, ಹುಬ್ಬಳ್ಳಿ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದ. ಉಳಿದದ್ದು ಷರಾದ ಖಾನೆ. ದೌತಿಗೆ ಮೂರು ಸಲ ಟಾಕು ಅದ್ದಿದ. ಮೂರು ಸಲವೂ ಮಸಿ ಟಾಕಿನಲ್ಲಿಯೇ ಒಣಗಿತು. ಆ ಖಾನೆ ಖಾಲಿಯೇ ಉಳಿಯಿತು.